ಒಂದು ರೆಕ್ಕೆ ಗಿಡ್ಡವಿದ್ದ ವಿಮಾನ

ಹೋದ ಸಲ ಈ ಅಂಕಣದಲ್ಲಿ ಹಳೇ ಮಿಕ್ಸಿ, ಹೊಲಿಗೆ ಮಷಿನ್‌ಗಳನ್ನು ಗುಜರಿಗೆ ಹಾಕುವ ಮೊದಲು ಒಮ್ಮೆ ರಿಪೇರಿಯವರಿಗೆ ತೋರಿಸಿ ಅಂತ ಬರೆದಿದ್ದೆ. ಅದಕ್ಕೆ ಓದುಗರೊಬ್ಬರು, “ಎಲ್ಲಾನೂ ರಿಪೇರಿ ಮಾಡಿಸ್ಕೊಂಡೇ ಬದುಕೋಕಾಗುತ್ತಾ ಮೇಡಂ? ವಿಮಾನದ ರೆಕ್ಕೆ ಮುರಿದ್ರೆ ಇನ್ನೊಂದು ವಿಮಾನದ ರೆಕ್ಕೆ ಕಟ್ಕೊಂಡು ಹಾರ್ತೀರಾ?” ಅಂತ ಕೆಣಕಿದ್ದಾರೆ. ಅವರು ಕೇಳಿದ್ದು ತಮಾಷೆಗೆ. ಆದರೆ ಹಾಗೆ ಹಾರಿದವರು ನಿಜಕ್ಕೂ ಇದ್ದರು. 1941ರ ಮೇ ತಿಂಗಳಲ್ಲಿ, ಚೀನಾದಲ್ಲಿ.

ಯಾಂಗ್ತ್ಸೆ ನದಿಯ ದಡದಲ್ಲಿ ಸುಯಿಫು ಅಂತ ಒಂದು ಊರು. ಈಗ ಅದನ್ನು ಯಿಬಿನ್ ಅಂತಾರೆ. ಅಲ್ಲಿ ಇಳಿದಿದ್ದ ಒಂದು ಪ್ರಯಾಣಿಕರ ವಿಮಾನದ ಮೇಲೆ ಜಪಾನಿನ ಬಾಂಬರುಗಳು ಬಾಂಬ್ ಹಾಕಿದವು. ಬಲಗಡೆ ರೆಕ್ಕೆ ಪೂರಾ ಹಾಳು. ಡಿಸಿ-3 ಅನ್ನುವ ಜಾತಿಯ ವಿಮಾನ ಅದು. ಆ ಕಾಲಕ್ಕೆ ಅದಕ್ಕಿಂತ ಒಳ್ಳೆಯ ಪ್ರಯಾಣಿಕ ವಿಮಾನ ಸಿಗುತ್ತಿರಲಿಲ್ಲ, ಯುದ್ಧದ ನಡುವೆ ಇನ್ನೊಂದು ತರಿಸುವ ಮಾತಂತೂ ದೂರವೇ ಉಳಿಯಿತು. ಕಂಪನಿಯ ವರ್ಕ್‌ಶಾಪ್ ಇದ್ದದ್ದು ಹಾಂಗ್‌ಕಾಂಗಿನಲ್ಲಿ. ಅಲ್ಲಿ ಹುಡುಕಿದರೆ ಡಿಸಿ-3ರ ರೆಕ್ಕೆ ಇಲ್ಲ. ಅದರ ಅಣ್ಣ ಡಿಸಿ-2ರ ರೆಕ್ಕೆ ಒಂದಿದೆ. ಆದರೆ ಅದು 5 ಅಡಿ ಗಿಡ್ಡ.

ಇದ್ದದ್ದರಲ್ಲೇ ಮಾಡೋಣ ಅಂದರು ಮೆಕ್ಯಾನಿಕ್‌ಗಳ ಮುಖ್ಯಸ್ಥ ಸೋಲ್ಡಿನ್‌ಸ್ಕಿ ಮತ್ತವರ ಸಂಗಡಿಗರು. ಆದರೆ ಅಷ್ಟುದ್ದದ ರೆಕ್ಕೆಯನ್ನು ಸುಮಾರು 1,400 ಕಿಲೋಮೀಟರ್ ದೂರ ಸಾಗಿಸುವುದು ಹೇಗೆ? ನಡುವೆ ಜಪಾನಿನ ಸೈನ್ಯ ಕೂತಿದೆ. ವಿಮಾನದೊಳಗೆ ಅದು ಹಿಡಿಸುವುದಿಲ್ಲ. ಇನ್ನೊಂದು ಡಿಸಿ-2ರ ಹೊಟ್ಟೆಯ ಅಡಿಗೆ ಕಟ್ಟಿಕೊಂಡು ಹಾರಿದರು! ಅಲ್ಲಿ ಮೆಕ್ಯಾನಿಕ್‌ಗಳು ರೆಕ್ಕೆ ಜೋಡಿಸಿದರು, ಬಾಂಬಿನ ಚೂರು ಹೊಕ್ಕ ತೂತುಗಳನ್ನು ಮುಚ್ಚಿದರು. ಹೆರಾಲ್ಡ್ ಸ್ವೀಟ್ ಅನ್ನುವ ಪೈಲಟ್ ಆ ಒಂದು ಕಡೆ ಉದ್ದ ಇನ್ನೊಂದು ಕಡೆ ಗಿಡ್ಡ ರೆಕ್ಕೆಯ ವಿಮಾನವನ್ನು ಹಾಂಗ್‌ಕಾಂಗಿಗೆ ಸುರಕ್ಷಿತವಾಗಿ ತಲುಪಿಸಿದ. ಡಿಸಿ-3 ಅನ್ನೋಕಾಗಲ್ಲ, ಡಿಸಿ-2 ಅಂತಲೂ ಅಲ್ಲ. ಹಾಗಾಗಿ ಅದಕ್ಕೆ ‘ಡಿಸಿ ಎರಡೂವರೆ’ ಅಂತಲೇ ಹೆಸರು ಬಿತ್ತು. ವಿಮಾನಗಳ ಇತಿಹಾಸದಲ್ಲಿ ಇವತ್ತಿಗೂ ಅದೇ ಹೆಸರು.

ಈ ಕಂಪನಿಯ ಹೆಸರು ಚೈನಾ ನ್ಯಾಷನಲ್ ಏವಿಯೇಷನ್ ಕಾರ್ಪೊರೇಷನ್. ಉದ್ದ ಹೆಸರು, ಸಿಎನ್‌ಎಸಿ ಅನ್ನೋಣ. ಇದರ ಕಥೆ ಓದುತ್ತಾ ಹೋದ ಹಾಗೆ ನನಗೆ ರೆಕ್ಕೆಗಿಂತ ಬೇರೆ ಒಂದು ಸಂಗತಿ ಮನಸ್ಸಿಗೆ ಅಂಟಿಕೊಂಡಿತು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಶುರುವಿನಿಂದ. ನಮ್ಮಲ್ಲಿ ಜೆಆರ್‌ಡಿ ಟಾಟಾ ಕರಾಚಿಯಿಂದ ಮುಂಬೈಗೆ ಟಪಾಲು ವಿಮಾನ ಹಾರಿಸಿದ್ದು 1932ರ ಅಕ್ಟೋಬರಿನಲ್ಲಿ. (ಅದೇ ಟಪಾಲು ಮುಂದೆ ನಮ್ಮ ಬಳ್ಳಾರಿಯಲ್ಲಿ ಇಳಿದು ಮದ್ರಾಸಿಗೆ ಹೋಗುತ್ತಿತ್ತು.) ಅದಕ್ಕೂ 3 ವರ್ಷ ಮೊದಲು, 1929ರ ಅಕ್ಟೋಬರ್ 21ರಂದು ಚೀನಾದಲ್ಲಿ ಶಾಂಘೈನಿಂದ ಹಾಂಕೋಗೆ ವಿಮಾನ ಸೇವೆ ಆರಂಭವಾಗಿತ್ತು. ಅಮೆರಿಕದ ಕಂಪನಿಯೊಂದು ಶುರುಮಾಡಿದ್ದು. ಮರುವರ್ಷ ಅದು ಪಾಲುದಾರಿಕೆಯ ಕಂಪನಿಯಾಯಿತು. ಚೀನಾ ಸರ್ಕಾರದ ಪಾಲು 55, ಅಮೆರಿಕನ್ನರದು 45. 1933ರಲ್ಲಿ ಆ 45 ಪಾಲನ್ನು ಪ್ಯಾನ್ ಅಮೆರಿಕನ್ ಕಂಪನಿ ಕೊಂಡುಕೊಂಡಿತು. ಇದಕ್ಕೆ ಪೈಪೋಟಿಯಾಗಿ ಜರ್ಮನಿಯ ಲುಫ್ತಾನ್ಸಾ ಜೊತೆ ಸೇರಿ ಚೀನಾ ಸರ್ಕಾರ ಯುರೇಷಿಯಾ ಅನ್ನುವ ಇನ್ನೊಂದು ಕಂಪನಿಯನ್ನೂ ಮಾಡಿಕೊಂಡಿತ್ತು. ಒಂದು ಕೈಲಿ ಅಮೆರಿಕ, ಇನ್ನೊಂದು ಕೈಲಿ ಜರ್ಮನಿ. ಜಾಣರು.

ಮೊದಲ ವಿಮಾನಗಳು ನೀರಿನ ಮೇಲೂ ನೆಲದ ಮೇಲೂ ಇಳಿಯುವಂಥವು, ಲೋನಿಂಗ್ ಕಂಪನಿಯವು. ನಿಲ್ದಾಣಗಳೇ ಇಲ್ಲದ ದೇಶದಲ್ಲಿ ನದಿಯೇ ರನ್‌ವೇ. ದಾರಿ ಗೊತ್ತಾಗೋಕೂ ನದಿಯೇ. ಪೈಲಟ್ ಕೆಳಗೆ ನೀರನ್ನು ನೋಡಿಕೊಂಡು ಅದು ತಿರುಗಿದಲ್ಲಿ ತಾನೂ ತಿರುಗಬೇಕು. ದಡದಲ್ಲಿದ್ದ ಯಾವುದೋ ಸೇನಾಪತಿಯ ಸೈನಿಕರು ಸುಮ್ಮನೆ ಗುಂಡು ಹಾರಿಸುವುದೂ ಇತ್ತು. ಪಾಲ್ ಬೇರ್ ಅಂತ ಒಬ್ಬ ಪೈಲಟ್. ಮೊದಲ ಮಹಾಯುದ್ಧದಲ್ಲಿ ಶತ್ರುಗಳ 9 ವಿಮಾನ ಉರುಳಿಸಿ ಬದುಕಿ ಬಂದವನು. ಅವನು 1930ರ ಡಿಸೆಂಬರಿನಲ್ಲಿ ಶಾಂಘೈನಲ್ಲಿ ನೀರಿನಿಂದ ಮೇಲೇಳುವಾಗ ಒಂದು ನಾಡದೋಣಿಯ ಪಟಕಂಬಕ್ಕೆ ವಿಮಾನ ತಾಗಿ ಸತ್ತ.

ಇಷ್ಟಾದರೂ ಜನ ಹತ್ತುತ್ತಿದ್ದರು. ಯಾಕೆಂದರೆ ಚೀನಾದ ಒಳನಾಡಿಗೆ ಹೋಗುವ ಕಷ್ಟ ಅಷ್ಟಿತ್ತು. ಯಾಂಗ್ತ್ಸೆಯ ಕಣಿವೆಗಳಲ್ಲಿ ದೋಣಿಗಳನ್ನು ದಡದ ಮೇಲಿಂದ ಹಗ್ಗ ಕಟ್ಟಿ ಕೂಲಿಯವರು ಎಳೆಯುತ್ತಿದ್ದ ಕಾಲ. ದಿನಗಟ್ಟಲೆ ಹಿಡಿಯುವ ದಾರಿಯನ್ನು ವಿಮಾನ ಗಂಟೆಗಳಿಗೆ ಇಳಿಸಿತು. 1931ಕ್ಕೆ ಚಾಂಗ್‌ಚಿಂಗ್, 1933ಕ್ಕೆ ಚೆಂಗ್ಡು. ಚಾಂಗ್‌ಚಿಂಗ್‌ನ ವಿಮಾನ ನಿಲ್ದಾಣ ಎಲ್ಲಿತ್ತು ಗೊತ್ತಾ? ನದಿಯ ನಡುವಿನ ಮರಳುದಿಬ್ಬದ ಮೇಲೆ. ಬೇಸಿಗೆಯಲ್ಲಿ ನದಿ ಉಕ್ಕಿದರೆ ನಿಲ್ದಾಣವೇ ಮುಳುಗುತ್ತಿತ್ತು! ಇಳಿದವರು ದೋಣಿ ದಾಟಿ, ಬಂಡೆಗೆ ಕೊರೆದ ನೂರಾರು ಮೆಟ್ಟಿಲು ಹತ್ತಬೇಕು, ಕೈಯಲ್ಲಿ ದುಡ್ಡಿದ್ದವರು ಮೇನೆಯಲ್ಲಿ.

1937ರಲ್ಲಿ ಜಪಾನ್ ಯುದ್ಧ ಶುರುಮಾಡಿತು. ಶಾಂಘೈ ಹೋಯಿತು, ನಾನ್‌ಜಿಂಗ್ ಹೋಯಿತು. ಮರುವರ್ಷ ಹಾಂಕೋ. ಸರ್ಕಾರ ಚಾಂಗ್‌ಚಿಂಗ್‌ಗೆ ಓಡಿತು. ಆವರೆಗೆ ದೂರದ ಊರಾಗಿದ್ದದ್ದು ಈಗ ರಾಜಧಾನಿ. ಅಮೆರಿಕ ಆಗಿನ್ನೂ ಯುದ್ಧದಲ್ಲಿ ಇರಲಿಲ್ಲ, ಹಾಗಾಗಿ ತನ್ನವರು ಚೀನಾದ ವಿಮಾನ ನಡೆಸುವುದು ಅದಕ್ಕೆ ಮುಜುಗರ. ಸಿಎನ್‌ಎಸಿಯ ಅಮೆರಿಕನ್ ಸಿಬ್ಬಂದಿ ಹೊರಡಬೇಕಾಯಿತು. ಆಗ ವಿಲಿಯಂ ಲ್ಯಾಂಗ್‌ಹಾರ್ನ್ ಬಾಂಡ್ ಅನ್ನುವ ಅಧಿಕಾರಿ, 1931ರಿಂದಲೂ ಈ ಕಂಪನಿಯನ್ನು ನಡೆಸುತ್ತಾ ಬಂದವರು, ಪ್ಯಾನ್ ಅಮೆರಿಕನ್‌ಗೆ ರಾಜೀನಾಮೆ ಕೊಟ್ಟು ವಾಪಸ್ ಬಂದು ಸೇವೆಯನ್ನು ಮತ್ತೆ ನಿಲ್ಲಿಸಿದರು. ನಿಲ್ಲಿಸಿದರು ಅಂದರೆ ಎಬ್ಬಿಸಿ ನಿಲ್ಲಿಸಿದರು ಅಂತ ಅರ್ಥ, ತಪ್ಪು ತಿಳೀಬೇಡಿ.

ಈಗ ಹಾಂಗ್‌ಕಾಂಗಿನಿಂದ ಚಾಂಗ್‌ಚಿಂಗ್‌ಗೆ ದಾರಿ. ಹಾಂಗ್‌ಕಾಂಗ್ ಬ್ರಿಟಿಷರದು, ಅಲ್ಲಿಗೆ ಜಪಾನ್ ಇನ್ನೂ ಕೈ ಹಾಕಿರಲಿಲ್ಲ. ಮಂತ್ರಿಗಳು, ಬ್ಯಾಂಕಿನವರು, ಪತ್ರಕರ್ತರು, ಟಪಾಲು, ಹೊರದೇಶದಲ್ಲಿ ಅಚ್ಚಾದ ನೋಟಿನ ಕಟ್ಟುಗಳು, ಎಲ್ಲ ಈ ವಿಮಾನಗಳಲ್ಲೇ.

ಈಗ ಹೇಳುತ್ತೇನೆ ಅಂದಿದ್ದೆನಲ್ಲ, ಆ ಸಂಗತಿ.

1938ರ ಆಗಸ್ಟ್ 24. ‘ಕ್ವೈಲಿನ್’ ಅನ್ನುವ ಹೆಸರಿನ ಡಿಸಿ-2 ಬೆಳಿಗ್ಗೆ ಹಾಂಗ್‌ಕಾಂಗಿನಿಂದ ಹೊರಟಿತು. ಪೈಲಟ್ ಹಗ್ ವುಡ್ಸ್. ಸ್ವಲ್ಪ ಹೊತ್ತಿಗೇ ಜಪಾನಿನ ಯುದ್ಧವಿಮಾನಗಳು ಬೆನ್ನಟ್ಟಿದವು. ವುಡ್ಸ್ ಮೋಡದೊಳಗೆ ನುಗ್ಗಿದರು, ತಪ್ಪಿಸಿಕೊಳ್ಳಲು ಆಗಲಿಲ್ಲ. ಕೆಳಗೆ ಗದ್ದೆ, ಬದು. ಅಲ್ಲಿ ಇಳಿಸಿದರೆ ಒಡೆದು ಚೂರಾಗುತ್ತದೆ ಅಂತ ನದಿಯ ಮೇಲೆ ಇಳಿಸಿದರು. ವಿಮಾನ ಒಡೆಯಲಿಲ್ಲ. ಎಲ್ಲರೂ ಬದುಕಬಹುದಿತ್ತು. ಆದರೆ ನೀರಿನ ಮೇಲೆ ತೇಲುತ್ತಿದ್ದ ವಿಮಾನದ ಮೇಲೆ ಯುದ್ಧವಿಮಾನಗಳು ಮತ್ತೆ ಮತ್ತೆ ಬಂದು ಮಷಿನ್‌ಗನ್ ಹೊಡೆದವು. ಒಳಗೆ ಹೆಂಗಸರಿದ್ದರು, ಮಕ್ಕಳಿದ್ದರು. ಚೀನಾದ ದೊಡ್ಡ ಬ್ಯಾಂಕರ್‌ಗಳಿದ್ದರು. ಬದುಕಿ ಉಳಿದದ್ದು ಮೂವರೇ. ಈಜಿ ದಡ ಸೇರಿದ ವುಡ್ಸ್, ರೇಡಿಯೋ ಆಪರೇಟರ್, ಮತ್ತೆ ಒಬ್ಬ ಪ್ರಯಾಣಿಕ. ಯುದ್ಧವಿಮಾನಗಳು ಪ್ರಯಾಣಿಕರ ವಿಮಾನವನ್ನು ಹೊಡೆದು ಕೆಡವಿದ್ದು ಜಗತ್ತಿನಲ್ಲಿ ಅದೇ ಮೊದಲು ಅಂತಾರೆ. ಚೀನಾದ ನಾಯಕ ಸನ್ ಯಾತ್ ಸೆನ್ ಅವರ ಮಗ ಸನ್ ಫೋ ಅದರಲ್ಲಿದ್ದಾರೆ ಅಂತ ತಿಳಿದು ಹೊಡೆದರು ಅನ್ನುವ ಮಾತು ಆಗಲೇ ಹಬ್ಬಿತ್ತು. ಅವರು ಬೇರೆ ವಿಮಾನದಲ್ಲಿ ಹೋಗಿಯಾಗಿತ್ತು. ಜಪಾನಿನವರ ಸಮಜಾಯಿಷಿ ಏನು ಗೊತ್ತೇ? ನಮ್ಮನ್ನು ಕಂಡು ವಿಮಾನ ಓಡಿತು, ಅದಕ್ಕೇ ಅನುಮಾನ ಬಂತು ಅಂತ.

ಇಲ್ಲಿಗೆ ಮುಗಿದಿದ್ದರೆ ಇದು ಯುದ್ಧದ ಇನ್ನೊಂದು ಕಥೆ. ಮುಗಿಯಲಿಲ್ಲ. ಕಂಪನಿಯವರು ಆ ವಿಮಾನವನ್ನು ನದಿಯಿಂದ ಎತ್ತಿದರು. ತೊಳೆದರು, ಗುಂಡಿನ ತೂತುಗಳಿಗೆ ತೇಪೆ ಹಾಕಿದರು, ಎಂಜಿನ್ ಸರಿಮಾಡಿದರು. ಮತ್ತೆ ಸೇವೆಗೆ ಹಾಕಿದರು. ಹೆಸರನ್ನು ‘ಚುಂಗ್‌ಕಿಂಗ್’ ಅಂತ ಬದಲಿಸಿದರು. ನಂಬರ್ 32 ಇದ್ದದ್ದು 39 ಆಯಿತು. ಹೆಸರು, ನಂಬರ್ ಎರಡನ್ನೂ ಯಾಕೆ ಬದಲಿಸಿದರು ಅಂತ ನಾನು ಬಿಡಿಸಿ ಹೇಳಬೇಕಿಲ್ಲ. ಸಾವಾದ ಮನೆಗೆ ಸುಣ್ಣ ಹೊಡೆಸಿ ಬಾಡಿಗೆಗೆ ಕೊಡೋದು ನಮಗೇನು ಗೊತ್ತಿಲ್ಲದ್ದಲ್ಲ.

ಎರಡು ವರ್ಷ ಅದು ಹಾರಿತು. 1940ರ ಅಕ್ಟೋಬರ್ 29ರಂದು ಯುನ್ನಾನ್ ಪ್ರಾಂತ್ಯದ ಚಾಂಗ್‌ಯಿ ನಿಲ್ದಾಣದಲ್ಲಿ ಇಳಿದ ಹೊತ್ತಿಗೇ ಜಪಾನಿನ ಯುದ್ಧವಿಮಾನಗಳು ಮತ್ತೆ ಮೇಲೆರಗಿದವು. ಪೈಲಟ್ ವಾಲ್ಟರ್ ಕೆಂಟ್ ತನ್ನ ಸೀಟಿನಲ್ಲೇ ಸತ್ತರು. ಓಡಿದವರನ್ನೂ ಬಿಡಲಿಲ್ಲ. ಒಟ್ಟು ಒಂಬತ್ತು ಜನ. ಈ ಸಲ ವಿಮಾನವೂ ಸುಟ್ಟುಹೋಯಿತು.

ಅದೇ ವಿಮಾನ, ಎರಡು ಸಲ.

‘ಡಿಸಿ ಎರಡೂವರೆ’ಯ ಕಥೆ ಹೇಳುವವರು ಬಹಳ ಜನ. ಈ ಕಥೆಯನ್ನು ಅಷ್ಟು ಖುಷಿಯಿಂದ ಯಾರೂ ಹೇಳುವುದಿಲ್ಲ. ಆದರೆ ಎರಡರಲ್ಲೂ ಇರುವುದು ಒಂದೇ ಕೈಕೆಲಸ. ಅದೇ ಮೆಕ್ಯಾನಿಕ್‌ಗಳು, ಅದೇ ಹಟ. ಇದ್ದದ್ದನ್ನು ಬಿಡಬಾರದು, ಹಾರುವಂತಿದ್ದರೆ ಹಾರಿಸಬೇಕು. ನಾನು ಈ ಬಗ್ಗೆ ಮನೆಯಲ್ಲಿ ಮಾತಾಡಿದಾಗ ಯಜಮಾನರು, “ಲೋಹಕ್ಕೇನು ಪಾಪ ಅಂಟುತ್ತಾ? ವಿಮಾನ ಚೆನ್ನಾಗಿತ್ತು, ಹಾರಿಸಿದ್ರು” ಅಂದರು. ವಿಮಾನದ್ದೇನೂ ತಪ್ಪಿಲ್ಲ, ನಿಜ. ಇಲ್ಲಿ ಹಾಳಾಗಿದ್ದು ವಿಮಾನವಲ್ಲ, ದಾರಿ. ಅದಕ್ಕೆ ತೇಪೆ ಹಾಕುವ ಮೆಕ್ಯಾನಿಕ್ ಇರಲಿಲ್ಲ. ರೆಕ್ಕೆ ಗಿಡ್ಡವಾದರೆ ಪೈಲಟ್‌ಗೆ ಗೊತ್ತಿರುತ್ತದೆ, ಅವನು ಒಪ್ಪಿಯೇ ಕೂರುತ್ತಾನೆ. ಟಿಕೆಟ್ ಕೊಂಡು, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಹೊಸ ಹೆಸರು ಬರೆದ ವಿಮಾನ ಹತ್ತುವ ಹೆಂಗಸಿನ ಒಪ್ಪಿಗೆ ಬೇರೆ. ಆ ವ್ಯತ್ಯಾಸವನ್ನು ಮರೆಯುವಷ್ಟು ಈ ಕಂಪನಿಯನ್ನು ಮೆಚ್ಚಲು ನನ್ನಿಂದ ಆಗುತ್ತಿಲ್ಲ.

ಹಾಗಂತ ಹಾರುವುದನ್ನೇ ನಿಲ್ಲಿಸಬೇಕಿತ್ತೇ? ಅದನ್ನೂ ನಾನು ಹೇಳಲಾರೆ. ನಿಲ್ಲಿಸಿದ್ದರೆ ಚಾಂಗ್‌ಚಿಂಗ್‌ನಲ್ಲಿದ್ದವರಿಗೆ ಹೊರಗಿನ ಸಂಪರ್ಕವೇ ಕಡಿದುಹೋಗುತ್ತಿತ್ತು. ಕ್ವೈಲಿನ್ ಆದಮೇಲೆ ಪೈಲಟ್‌ಗಳು ಪಾಠ ಕಲಿತರು. ಆದಷ್ಟೂ ರಾತ್ರಿ ಹಾರತೊಡಗಿದರು. ಬೇರೆ ದೇಶದ ಪೈಲಟ್‌ಗಳು ಹವೆ ಕೆಟ್ಟಿದೆ ಅಂತ ವಿಮಾನ ರದ್ದು ಮಾಡಿದರೆ, ಇವರು ಹವೆ ಚೆನ್ನಾಗಿದೆ ಅಂತ ರದ್ದು ಮಾಡುತ್ತಿದ್ದರು! ಮೋಡ, ಮಂಜು, ಮಳೆ ಇದ್ದರೆ ಯುದ್ಧವಿಮಾನಕ್ಕೆ ಇವರು ಕಾಣುವುದಿಲ್ಲ. ರೇಡಿಯೋ ಸದ್ದು ಕೇಳಿಕೊಂಡು, ಕತ್ತಲಲ್ಲಿ ಬೆಟ್ಟಗಳ ನಡುವೆ ಇಳಿಯುವುದರಲ್ಲಿ ಅವರಷ್ಟು ಪಳಗಿದವರು ಆಗ ಅಪರೂಪ.

ಆ ಪಳಗಿದ ಕೈ 1941ರ ಡಿಸೆಂಬರ್ 8ರಂದು ಉಪಯೋಗಕ್ಕೆ ಬಂತು. ಪರ್ಲ್ ಹಾರ್ಬರ್ ದಾಳಿಯಾದ ಕೆಲವೇ ಗಂಟೆಗಳಲ್ಲಿ ಹಾಂಗ್‌ಕಾಂಗಿನ ಕೈಟಾಕ್ ನಿಲ್ದಾಣದ ಮೇಲೂ ಜಪಾನಿನ ವಿಮಾನಗಳು ಬಂದವು. ನೀರಿನಲ್ಲಿ ನಿಂತಿದ್ದ ಪ್ಯಾನ್ ಅಮೆರಿಕನ್‌ನ ಹಾಂಗ್‌ಕಾಂಗ್ ಕ್ಲಿಪ್ಪರ್ ಹೊತ್ತಿ ಉರಿಯಿತು. ಸಿಎನ್‌ಎಸಿಯದೂ ಹಲವು ವಿಮಾನಗಳು ಹೋದವು. ಉಳಿದ ಬೆರಳೆಣಿಕೆಯ ವಿಮಾನಗಳನ್ನು ಪಕ್ಕದ ತರಕಾರಿ ಹೊಲಗಳಿಗೆ ತಳ್ಳಿ ಮರೆಮಾಡಿದರು. ಕತ್ತಲಾದ ಕೂಡಲೇ ಹೊರಟಿತು ಮೆರವಣಿಗೆ. ಹಾಂಗ್‌ಕಾಂಗಿನಿಂದ ಒಳನಾಡಿನ ನಾನ್‌ಶಿಯೋಂಗ್‌ಗೆ, ಅಲ್ಲಿ ಇಳಿಸಿ ಮತ್ತೆ ಹಾಂಗ್‌ಕಾಂಗಿಗೆ. ಡಿಸೆಂಬರ್ 10ರವರೆಗೆ ರಾತ್ರಿಯಿಡೀ. ಸುತ್ತ ಶತ್ರುಸೈನ್ಯ ಹತ್ತಿರಾಗುತ್ತಿರುವಾಗ ಅವರು ನೂರಾರು ಜನರನ್ನು ಹೊರಗೆ ತಂದರು. ಸನ್ ಯಾತ್ ಸೆನ್ ಅವರ ಪತ್ನಿ ಸೂಂಗ್ ಚಿಂಗ್‌ಲಿಂಗ್ ಕೂಡ ಹಾಗೆ ಪಾರಾದವರು. ದೊಡ್ಡವರ ಜೊತೆಗೆ ಕಂಪನಿಯ ನೌಕರರನ್ನೂ, ಬಿಡಿಭಾಗಗಳನ್ನೂ ಹೊತ್ತು ತಂದರು. ಬಿಡಿಭಾಗ ಬಿಟ್ಟರೆ ನಾಳೆ ಹಾರೋದು ಹೇಗೆ? ಎಲ್ಲರಿಗೂ ಜಾಗ ಸಿಗಲಿಲ್ಲ. ಕ್ರಿಸ್‌ಮಸ್ ದಿನ ಹಾಂಗ್‌ಕಾಂಗ್ ಜಪಾನಿನ ಕೈಸೇರಿತು.

ಇಲ್ಲಿಂದ ಮುಂದೆ ಕಥೆ ನಮ್ಮ ದೇಶಕ್ಕೆ ಬರುತ್ತದೆ. ಸಮುದ್ರದ ಬಾಗಿಲು ಮುಚ್ಚಿತು. ಬರ್ಮಾದ ರಸ್ತೆಯೂ 1942ರ ಏಪ್ರಿಲ್ ಕೊನೆಗೆ ಲಾಶಿಯೋ ಬಿದ್ದಾಗ ಹೋಯಿತು. ಆಗ ಉಳಿದದ್ದು ಅಸ್ಸಾಮಿನ ದಿಂಜಾನ್‌ನಿಂದ ಹಿಮಾಲಯದ ಪೂರ್ವ ತುದಿಯ ಬೆಟ್ಟಗಳನ್ನು ದಾಟಿ ಕುನ್ಮಿಂಗ್‌ಗೆ ಹೋಗುವ ಆಕಾಶದ ದಾರಿ. ಪೈಲಟ್‌ಗಳು ಅದಕ್ಕೆ ‘ಹಂಪ್’ ಅಂದರು, ಒಂಟೆಯ ಡುಬ್ಬದ ಹಾಗೆ. ಆ ದಾರಿಯನ್ನು ಮೊದಲು ಹಾರಿ ನೋಡಿದ್ದು ಸೈನ್ಯವಲ್ಲ, ಇದೇ ಕಂಪನಿ, 1941ರ ನವೆಂಬರಿನಲ್ಲೇ. ಅಮೆರಿಕದ ಸೈನ್ಯ ಆಮೇಲೆ ಬಂತು.

ಆ ದಿನಗಳಲ್ಲೇ ಒಂದು ಘಟನೆ. ಟೋಕಿಯೋ ಮೇಲೆ ಬಾಂಬ್ ಹಾಕಿ ಚೀನಾದಲ್ಲಿ ಇಳಿದಿದ್ದ ಅಮೆರಿಕದ ಡೂಲಿಟಲ್, ಮೇ ತಿಂಗಳಲ್ಲಿ ಈ ಕಂಪನಿಯ ವಿಮಾನದಲ್ಲಿ ಭಾರತಕ್ಕೆ ಹೊರಟರು. ನಡುವೆ ಬರ್ಮಾದ ಮಿಚ್ಚಿನಾದಲ್ಲಿ ಇಳಿದರೆ ನಿರಾಶ್ರಿತರ ಜಾತ್ರೆ. ಪೈಲಟ್ ಮೂನ್ ಚಿನ್ ಹತ್ತಿಸಿಕೊಳ್ಳುತ್ತಲೇ ಹೋದರು. 21 ಸೀಟಿನ ವಿಮಾನದಲ್ಲಿ 70ಕ್ಕೂ ಹೆಚ್ಚು ಜನ! ನಮ್ಮ ಹಬ್ಬದ ದಿನದ ಬಸ್ಸೂ ನಾಚಬೇಕು. ಡೂಲಿಟಲ್ ಗಾಬರಿಯಾದರು, ವಿಮಾನ ಮೇಲೆದ್ದಿತು. ಅದಾಗಿ ಕೆಲವೇ ದಿನಕ್ಕೆ ಮಿಚ್ಚಿನಾ ಜಪಾನಿನ ಪಾಲು. ಆ ವರ್ಷ ಬರ್ಮಾದಿಂದ ಕಾಡುದಾರಿಯಲ್ಲಿ ನಡೆದೇ ಬಂದ ಲಕ್ಷಾಂತರ ಭಾರತೀಯರನ್ನು ನೆನೆದರೆ, ಆ ವಿಮಾನದಲ್ಲಿ ಒಂದು ಕಾಲಿಡುವ ಜಾಗದ ಬೆಲೆ ಎಷ್ಟು ಅಂತ ಗೊತ್ತಾಗುತ್ತದೆ. ಮೂನ್ ಚಿನ್ ಚೀನಾದ ಹಳ್ಳಿಯಲ್ಲಿ ಹುಟ್ಟಿ ಅಮೆರಿಕದ ಬಾಲ್ಟಿಮೋರಿನಲ್ಲಿ ಬೆಳೆದವರು. ತೀರಿಕೊಂಡಿದ್ದು 2023ರಲ್ಲಿ, 110ನೇ ವಯಸ್ಸಿನಲ್ಲಿ.

ಯುದ್ಧ ಮುಗಿಯುವವರೆಗೆ ಸಿಎನ್‌ಎಸಿ ವಿಮಾನಗಳು ಹಂಪ್ ಮೇಲೆ 38 ಸಾವಿರಕ್ಕೂ ಹೆಚ್ಚು ಸಲ ಓಡಾಡಿದವು. ಹೋಗುವಾಗ ಪೆಟ್ರೋಲು, ಮಷಿನ್ನು, ನೋಟು. ಬರುವಾಗ ಟಂಗ್‌ಸ್ಟನ್ ಅದಿರು, ತವರ, ಹಂದಿಯ ಕೂದಲು. ನಗಬೇಡಿ, ಬಣ್ಣ ಹೊಡೆಯುವ ಬ್ರಷ್‌ಗೆ ಚೀನಾದ ಹಂದಿಕೂದಲೇ ಆಗ ಶ್ರೇಷ್ಠ. ಹಡಗಿಗೆ ಬಣ್ಣ ಹೊಡೆಯದೆ ಯುದ್ಧ ನಡೆಯುತ್ತಾ? ಹಿಮ ಕಟ್ಟಿದ ರೆಕ್ಕೆ, 15 ಸಾವಿರ ಅಡಿಯ ಬೆಟ್ಟಸಾಲು, ಎಲ್ಲಿಂದ ಬರುತ್ತದೋ ತಿಳಿಯದ ಗಾಳಿ. ಅನೇಕರು ಮರಳಲಿಲ್ಲ. 1943ರ ಮಾರ್ಚ್‌ನಲ್ಲಿ ಕಳೆದುಹೋದ 53ನೇ ನಂಬರಿನ ವಿಮಾನದ ಅವಶೇಷ ಬೆಟ್ಟದ ಮೇಲೆ ಸಿಕ್ಕಿದ್ದು ಅರ್ಧ ಶತಮಾನ ಕಳೆದ ಮೇಲೆ.

ಇನ್ನು ಬೆಂಗಳೂರಿನವರಿಗಾಗಿ ಒಂದು ಮಾತು. ಸಿಎನ್‌ಎಸಿಯಲ್ಲಿ ಮೊದಲು ದೊಡ್ಡ ಹುದ್ದೆಯಲ್ಲಿದ್ದ ವಿಲಿಯಂ ಪಾಲಿ ಅನ್ನುವ ಅಮೆರಿಕನ್ ಆಮೇಲೆ ಚೀನಾದಲ್ಲೇ ವಿಮಾನದ ಕಾರ್ಖಾನೆ ಇಟ್ಟಿದ್ದ. ಜಪಾನ್ ಮುಂದೆ ಬಂದಂತೆಲ್ಲ ಕಾರ್ಖಾನೆಯನ್ನು ಊರಿಂದೂರಿಗೆ ಹೊತ್ತೊಯ್ದು ಕೊನೆಗೆ ಬರ್ಮಾದ ಗಡಿಯ ಲೋಯಿವಿಂಗ್ ಸೇರಿದ್ದ. 1940ರ ಅಕ್ಟೋಬರಿನಲ್ಲಿ ಅದರ ಮೇಲೂ ಬಾಂಬ್ ಬಿತ್ತು. ಇದೇ ಪಾಲಿ 1939ರಲ್ಲಿ ಪೆಸಿಫಿಕ್ ದಾಟುವ ಪ್ರಯಾಣದಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರಿಗೆ ಪರಿಚಯವಾಗಿದ್ದ. ಮೈಸೂರು ದಿವಾನರು ಮಿರ್ಜಾ ಇಸ್ಮಾಯಿಲ್ ಜಾಗ ಕೊಟ್ಟರು, ಸಂಸ್ಥಾನ ಹಣ ಹಾಕಿತು, 1940ರ ಡಿಸೆಂಬರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಹುಟ್ಟಿತು. ನಮ್ಮ ಎಚ್‌ಎಎಲ್. ಅಲ್ಲಿ ಮೊದಮೊದಲು ಜೋಡಿಸಿದ ಕರ್ಟಿಸ್ ಹಾಕ್ ವಿಮಾನಗಳು ಮೂಲತಃ ಚೀನಾಕ್ಕೆ ಅಂತ ಇದ್ದವು. 1943ರಿಂದ ಅಮೆರಿಕದ ವಾಯುಸೇನೆ ಅದನ್ನು ತನ್ನ ರಿಪೇರಿ ಡಿಪೋ ಮಾಡಿಕೊಂಡಿತು. ಚೀನಾ, ಬರ್ಮಾ, ಭಾರತದ ರಣರಂಗದಿಂದ ಜಖಂಗೊಂಡ ವಿಮಾನಗಳು ಬೆಂಗಳೂರಿಗೆ ಬಂದು ಸರಿಯಾಗಿ ಹೋಗುತ್ತಿದ್ದವು.

ಕಂಪನಿಯ ಕೊನೆ ಬೇಗ ಹೇಳಿಬಿಡುತ್ತೇನೆ. 1949ರಲ್ಲಿ ಚೀನಾದಲ್ಲಿ ಸರ್ಕಾರ ಬದಲಾಯಿತು. ನವೆಂಬರ್ 9ರಂದು ಎರಡು ಚೀನೀ ಕಂಪನಿಗಳ 12 ವಿಮಾನಗಳು ಹಾಂಗ್‌ಕಾಂಗಿನಿಂದ ಎದ್ದು ಹೊಸ ಸರ್ಕಾರದ ಕಡೆಗೆ ಹಾರಿಹೋದವು. ಉಳಿದ 71 ವಿಮಾನಗಳು ಯಾರದು ಅಂತ ಕೋರ್ಟಿನಲ್ಲಿ ಜಗಳ ಶುರುವಾಯಿತು. 1952ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಅವನ್ನು ಅಮೆರಿಕನ್ನರ ಕಂಪನಿಗೆ ಕೊಡಿಸುವ ಹೊತ್ತಿಗೆ ಅವು ಕೈಟಾಕ್‌ನ ಬಿಸಿಲು ಮಳೆಯಲ್ಲಿ ನಿಂತು ಎರಡೂವರೆ ವರ್ಷವಾಗಿತ್ತು.

ಯುದ್ಧದ ಕಾಲದಲ್ಲಿ ಎಚ್‌ಎಎಲ್‌ನಲ್ಲಿ ಫಿಟ್ಟರ್, ವೆಲ್ಡರ್, ಮೆಕ್ಯಾನಿಕ್ ಆಗಿ ದುಡಿದ ತಾತ, ದೊಡ್ಡಪ್ಪ, ಸೋದರಮಾವ ನಿಮ್ಮ ಮನೆಯಲ್ಲಿದ್ದರೆ, ಅವರು ಹೇಳಿದ್ದು ನಿಮಗೆ ನೆನಪಿದ್ದರೆ, ಎರಡು ಸಾಲು ಬರೆದು ಕಳಿಸಿ. ಯಾವ ವಿಮಾನ ಬಂದಿತ್ತು, ಯಾವ ಭಾಗ ಬಿಚ್ಚಿದ್ದರು ಅನ್ನುವಷ್ಟಾದರೂ ಸಾಕು. ಪೈಲಟ್‌ಗಳ ಹೆಸರು ಪುಸ್ತಕಗಳಲ್ಲಿ ಸಿಗುತ್ತವೆ. ಸುಯಿಫುವಿನಲ್ಲಿ ಆ ರೆಕ್ಕೆಯ ಬೋಲ್ಟು ಬಿಗಿದ ಚೀನೀ ಹುಡುಗರ ಹೆಸರು ನನಗೆ ಸಿಗಲಿಲ್ಲ. ನಮ್ಮವರದ್ದಾದರೂ ಸಿಗಲಿ.